ಧ್ರುವದಂಚಿನ ಗಣಿಯಲ್ಲಿ ಬಾಳಿದವರು



ಭೂಪಟದಲ್ಲಿ ನಾರ್ವೆ ದೇಶವನ್ನು ಹುಡುಕಿ, ಅದರ ಉತ್ತರದ ತುದಿಯಿಂದ ಸಮುದ್ರದ ಮೇಲೆ ಬೆರಳು ಸರಿಸಿಕೊಂಡು ಹೋಗಿ. ಉತ್ತರ ಧ್ರುವಕ್ಕೆ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿ ಒಂದು ದ್ವೀಪಗಳ ಗುಂಪು ಸಿಗುತ್ತದೆ. ಅದರ ಹೆಸರು ಸ್ವಾಲ್ಬಾರ್ಡ್. ಅರ್ಧಕ್ಕಿಂತ ಹೆಚ್ಚು ನೆಲ ನೀರ್ಗಲ್ಲಿನ ಕೆಳಗೆ ಹೂತುಹೋಗಿದೆ. ಅಲ್ಲಿ ನೆರಳು ಕೊಡುವ ಒಂದು ಮರವಿಲ್ಲ, ಉಳುವ ಹೊಲವಿಲ್ಲ. ತಲೆತಲಾಂತರದಿಂದ ಅಲ್ಲಿಯೇ ಬಾಳಿಕೊಂಡು ಬಂದ ಜನವೂ ಇಲ್ಲ. ತಿಮಿಂಗಿಲ ಬೇಟೆಗಾರರು ಬಂದು ಹೋದರು, ನರಿ ಮತ್ತು ಕರಡಿಯ ತೊಗಲಿಗಾಗಿ ಬಲೆ ಒಡ್ಡುವವರು ಬಂದು ಹೋದರು. ಬೀದಿ, ಅಡುಗೆಮನೆ, ಆಸ್ಪತ್ರೆ, ಸ್ಮಶಾನ ಎಲ್ಲವನ್ನೂ ಕಟ್ಟಿಕೊಂಡು ಊರು ಮಾಡಿದವರು ಮಾತ್ರ ಕಲ್ಲಿದ್ದಲು ಗಣಿಯ ಕೆಲಸಗಾರರು. ಇಂದು ಅವರ ಬದುಕಿನ ಬಗ್ಗೆ ನಿಮ್ಮೊಂದಿಗೆ ಮಾತನಾಡಬೇಕೆಂದಿದ್ದೇನೆ.

ಅಂಥ ಜಾಗದ ಹೆಸರೆತ್ತಿದರೆ ನಮ್ಮವರು ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಹಿಮಕರಡಿಯ ಬಗ್ಗೆ. ಎರಡೂ ನಿಜವಾದ ಭಯಗಳೇ. ಆದರೆ ಆ ದ್ವೀಪಗಳ ಗಣಿ ಇತಿಹಾಸ ಓದುತ್ತಾ ಹೋದ ಹಾಗೆ ನನಗೆ ಮನವರಿಕೆಯಾದದ್ದು ಬೇರೆ. ಚಳಿಯನ್ನು ಅಲ್ಲಿನ ಜನ ಬಹುಬೇಗ ಪಳಗಿಸಿಕೊಂಡರು. ಕರಡಿಯ ಜೊತೆಗೂ ಒಂದು ಬಗೆಯ ಒಪ್ಪಂದಕ್ಕೆ ಬಂದರು. ಅವರನ್ನು ಕೊಂದದ್ದು ಸುರಂಗದೊಳಗಿನ ಅನಿಲ, ಧೂಳು, ಮತ್ತು ಅವೆರಡರ ಬಗ್ಗೆ ಮೇಲಿನವರು ತೋರಿದ ಉದಾಸೀನ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಬದುಕು ಹೇಗಿತ್ತೆಂದು ನೋಡೋಣ.

ಅಲ್ಲಿನ ಮುಖ್ಯ ಊರು ಲಾಂಗ್‌ಯೀರ್‌ಬ್ಯೂನ್. ಜಾನ್ ಮನ್ರೋ ಲಾಂಗ್‌ಯೀರ್ ಎಂಬ ಅಮೆರಿಕದ ಉದ್ಯಮಿ 1901ರಲ್ಲಿ ಪ್ರವಾಸಿಯಾಗಿ ಈ ದ್ವೀಪಗಳನ್ನು ನೋಡಿಹೋದ. ಬೆಟ್ಟದ ಮೈಯಲ್ಲಿ ಕಪ್ಪು ಪಟ್ಟೆಯ ಹಾಗೆ ಕಾಣುತ್ತಿದ್ದ ಕಲ್ಲಿದ್ದಲು ಅವನನ್ನು ಮತ್ತೆ ಕರೆಸಿತು. 1906ರಲ್ಲಿ ಅವನ ಕಂಪನಿ ಗಣಿ ಕೆಲಸ ಆರಂಭಿಸಿತು; ಊರಿಗೆ ಅವನ ಹೆಸರೇ ನಿಂತಿತು. ಹತ್ತು ವರ್ಷದ ನಂತರ, 1916ರಲ್ಲಿ, ಸ್ಟೋರೆ ನೋರ್ಸ್ಕೆ ಎಂಬ ನಾರ್ವೆಯ ಕಂಪನಿ ಅದನ್ನು ಕೊಂಡುಕೊಂಡಿತು. ಆ ಕಲ್ಲಿದ್ದಲು ಸುಮಾರು ಆರು ಕೋಟಿ ವರ್ಷ ಹಳೆಯದು. ಆ ಕಾಲದಲ್ಲಿ ಅಲ್ಲಿ ದಟ್ಟವಾದ ಕಾಡಿತ್ತು. ಇವತ್ತಿಗೂ ನೀರ್ಗಲ್ಲು ತಂದು ಸುರಿದ ಕಲ್ಲುರಾಶಿಯಲ್ಲಿ ಅಗಲವಾದ ಎಲೆಗಳ ಅಚ್ಚು ಮೂಡಿದ ಬಿಲ್ಲೆಗಲ್ಲುಗಳು ಸಿಗುತ್ತವೆ. ಮರವಿಲ್ಲದ ನಾಡಿನಲ್ಲಿ ಎಲೆ ಸಿಗುವುದು ಕಲ್ಲಿನಲ್ಲಿ ಮಾತ್ರ.

ಈ ದ್ವೀಪಗಳಿಗೆ ಒಂದು ವಿಶೇಷ ಕಾನೂನಿದೆ. 1920ರ ಫೆಬ್ರವರಿ 9ರಂದು ಪ್ಯಾರಿಸ್‌ನಲ್ಲಿ ಆದ ಒಪ್ಪಂದದ ಪ್ರಕಾರ ದ್ವೀಪಗಳ ಮೇಲಿನ ಅಧಿಕಾರ ನಾರ್ವೆಯದು. ಆದರೆ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿ ದುಡಿಯುವ, ಗಣಿ ತೋಡುವ ಸಮಾನ ಹಕ್ಕುಂಟು. ಬ್ರಿಟಿಷ್ ಸಾಮ್ರಾಜ್ಯದೊಳಗಿದ್ದ ಭಾರತದ ಹೆಸರು ಕೂಡ ಆ ಒಪ್ಪಂದದಲ್ಲಿ ಸೇರಿತ್ತು. ಹಾಗಾಗಿ ಇವತ್ತು ಮಂಡ್ಯದ ಅಥವಾ ಬೀದರಿನ ಒಬ್ಬ ಹುಡುಗ ಅಲ್ಲಿ ನೆಲೆಸಿ ದುಡಿಯುತ್ತೇನೆಂದರೆ ದ್ವೀಪದ ಮಟ್ಟಿಗೆ ವೀಸಾ ಬೇಕಿಲ್ಲ. ದಾರಿಯಲ್ಲಿ ನಾರ್ವೆಯ ನೆಲ ದಾಟುವುದಕ್ಕೆ ಬೇಕು, ಮತ್ತು ತನ್ನ ಹೊಟ್ಟೆ ತಾನೇ ಹೊರೆದುಕೊಳ್ಳುವ ಶಕ್ತಿ ಇರಬೇಕು. ಅಲ್ಲಿ ನಿರ್ಗತಿಕನಾಗಿ ಉಳಿಯಲು ಅವಕಾಶವಿಲ್ಲ.

ಈಗ ಕೆಲಸಗಾರನ ವರ್ಷದ ಲೆಕ್ಕಕ್ಕೆ ಬರೋಣ. ಅಲ್ಲಿ ವಿಮಾನ ನಿಲ್ದಾಣ ಆದದ್ದು 1975ರಲ್ಲಿ. ಅದಕ್ಕೆ ಮೊದಲು ಬಹುತೇಕ ಎಲ್ಲವೂ ಹಡಗಿನ ಮೇಲೆ ನಿಂತಿತ್ತು. ಶರತ್ಕಾಲದ ಕೊನೆಯ ಹಡಗು ಹೊರಟಿತೆಂದರೆ ಕಡಲು ಹೆಪ್ಪುಗಟ್ಟುತ್ತಿತ್ತು. ಮುಂದಿನ ಹಡಗು ಬರುವುದು ಬೇಸಿಗೆ ಮೂಡುವ ಹೊತ್ತಿಗೆ. ನಡುವಿನ ಆರೇಳು ತಿಂಗಳಲ್ಲಿ ಹಲ್ಲುನೋವು ಬಂದರೂ, ಊರಲ್ಲಿ ತಾಯಿ ತೀರಿಕೊಂಡರೂ, ಮೇಸ್ತ್ರಿಯ ಜೊತೆ ಜಗಳವಾದರೂ ಹೊರಡುವಂತಿರಲಿಲ್ಲ. ಹಿಟ್ಟು, ಉಪ್ಪು ಹಚ್ಚಿದ ಮಾಂಸ, ಆಲೂಗಡ್ಡೆ, ಔಷಧಿ, ಆಸರೆಗೆ ಮರದ ಕಂಬ, ಸಿಡಿಮದ್ದು ಎಲ್ಲವೂ ಆ ಕೊನೆಯ ಹಡಗಿನೊಳಗೆ ಬಂದಿರಬೇಕು. ಮರೆತದ್ದು ಮುಂದಿನ ವರ್ಷಕ್ಕೆ.

ಹೊರಜಗತ್ತಿನೊಂದಿಗೆ ಉಳಿಯುತ್ತಿದ್ದ ಒಂದೇ ನಂಟು ರೇಡಿಯೊ. 1911ರಲ್ಲಿಯೇ ಗ್ರೀನ್ ಹಾರ್ಬರ್ ಎಂಬಲ್ಲಿ ನಿಸ್ತಂತು ತಂತಿ ಕೇಂದ್ರ ಶುರುವಾಗಿತ್ತು. ಮುಂದೆ 1930ರಲ್ಲಿ ಅದು ಲಾಂಗ್‌ಯೀರ್‌ಬ್ಯೂನ್‌ಗೆ ಬಂತು. ಹುಟ್ಟು, ಸಾವು, ಮದುವೆ, ಕಲ್ಲಿದ್ದಲಿನ ಬೆಲೆ ಎಲ್ಲವೂ ಚುಕ್ಕೆ-ಗೆರೆಯ ಸದ್ದಿನಲ್ಲಿ ಕಡಲು ದಾಟುತ್ತಿದ್ದವು. ಬಾನುಲಿಯ ಮುಂದೆ ಕುಳಿತು ಈ ಮಾತು ಕೇಳುತ್ತಿರುವ ನಿಮಗೆ ಅದರ ಬೆಲೆ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಸೂರ್ಯ. ಅಕ್ಟೋಬರ್ ಕೊನೆಯ ವಾರದಲ್ಲಿ ಮುಳುಗಿದವನು ಫೆಬ್ರವರಿ ನಡುಭಾಗದವರೆಗೆ ದಿಗಂತದ ಮೇಲೆ ಬರುವುದೇ ಇಲ್ಲ. ಅದರಲ್ಲೂ ನವೆಂಬರ್ ಮಧ್ಯದಿಂದ ಜನವರಿ ಕೊನೆಯವರೆಗೆ ನಡುಹಗಲು ಹನ್ನೆರಡಕ್ಕೂ ನಕ್ಷತ್ರ ಕಾಣುವಷ್ಟು ಕತ್ತಲು. ಊರು ಬೆಟ್ಟಗಳ ನಡುವಿನ ಕಣಿವೆಯಲ್ಲಿರುವುದರಿಂದ ಬಿಸಿಲು ಅಂಗಳಕ್ಕೆ ಇಳಿಯುವಾಗ ಮಾರ್ಚ್ 8 ಆಗಿರುತ್ತದೆ. ಆ ದಿನ ಇಡೀ ಊರು, ಶಾಲೆಯ ಮಕ್ಕಳೂ ಸೇರಿ, ಹಳೆಯ ಆಸ್ಪತ್ರೆಯ ಮೆಟ್ಟಿಲು ಇದ್ದ ಜಾಗದಲ್ಲಿ ನೆರೆದು ಸೂರ್ಯನನ್ನು ಕಾಯುತ್ತದೆ. ಮೊದಲ ಕಿರಣ ಆ ಮೆಟ್ಟಿಲಿನ ಮೇಲೆ ಬಿತ್ತೆಂದರೆ ಸೂರ್ಯ ಮರಳಿದ ಎಂದು ಲೆಕ್ಕ. ಒಂದು ವಾರ ಹಬ್ಬ. ಏಪ್ರಿಲ್ ಇಪ್ಪತ್ತರಿಂದ ಆಗಸ್ಟ್ ಇಪ್ಪತ್ತೆರಡರ ತನಕ ಅದರ ತಿರುವು ಮುರುವು. ನಡುರಾತ್ರಿಯಲ್ಲೂ ಬಿಸಿಲು. ಆಗ ಕಿಟಕಿಗೆ ದಪ್ಪ ಪರದೆ ಕಟ್ಟಿ, ಇದು ರಾತ್ರಿ ಎಂದು ಮೈಯನ್ನು ನಂಬಿಸಿ ಮಲಗಬೇಕು.

ಆದರೆ ಗಣಿ ಕೆಲಸಗಾರನಿಗೆ ಹಗಲು ರಾತ್ರಿಯ ಗುರುತು ಸೂರ್ಯನಿಂದ ಸಿಗುತ್ತಿರಲಿಲ್ಲ. ಅದು ಸಿಗುತ್ತಿದ್ದದ್ದು ಪಾಳಿಯಿಂದ. ಪಾಳಿಗೆ ಮೊದಲು ಊಟ, ಪಾಳಿಯ ಮಧ್ಯೆ ಬುತ್ತಿ, ಪಾಳಿಯ ನಂತರ ಸ್ನಾನ, ಮತ್ತೆ ಊಟ, ನಿದ್ದೆ. ಕತ್ತಲ ತಿಂಗಳುಗಳಲ್ಲಿ ಈ ಕ್ರಮ ತಪ್ಪಿದವನ ಮನಸ್ಸು ಬಹುಬೇಗ ಕೆಡುತ್ತಿತ್ತು ಎಂದು ಅಲ್ಲಿ ಚಳಿಗಾಲ ಕಳೆದವರು ಹೇಳುತ್ತಾರೆ. ರಜೆಯ ದಿನವೂ ಹೊತ್ತಿಗೆ ಸರಿಯಾಗಿ ಎದ್ದು, ಗಡ್ಡ ಹೆರೆದುಕೊಂಡು, ನಾಲ್ಕು ಜನರ ನಡುವೆ ಕುಳಿತು ಉಣ್ಣುವುದು ಅಲ್ಲಿ ಶಿಷ್ಟಾಚಾರಕ್ಕಿಂತ ಹೆಚ್ಚಾಗಿ ಆರೋಗ್ಯದ ವಿಷಯ.

ಸುರಂಗದೊಳಗಿನ ಹವೆ ಕೇಳಿದರೆ ನಿಮಗೆ ಅಚ್ಚರಿಯಾದೀತು. ಅಲ್ಲಿನ ನೆಲ ನೂರಾರು ಮೀಟರ್ ಆಳದವರೆಗೆ ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಹಾಗಾಗಿ ಬೆಟ್ಟದ ಒಳಗಿನ ಉಷ್ಣಾಂಶ ಸದಾಕಾಲ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗೆ. ಹೊರಗೆ ಮೈನಸ್ ಇಪ್ಪತ್ತೈದು ಇರುವಾಗ ಒಳಗೆ ಮೈನಸ್ ಮೂರು ನಾಲ್ಕು. ಚಳಿಗಾಲದಲ್ಲಿ ಗಣಿಯೇ ಬೆಚ್ಚಗೆ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರ್ ಆಳಕ್ಕೆ ಇಳಿದವರು ಬಂಡೆಯ ಕಾವಿಗೆ ಬೆವರಿ ಬಸವಳಿಯುತ್ತಿದ್ದರು. ಲಾಂಗ್‌ಯೀರ್‌ಬ್ಯೂನಿನಲ್ಲಿ ಸುರಂಗಗಳು ಬೆಟ್ಟದ ಪಕ್ಕೆಯಿಂದ ಅಡ್ಡಡ್ಡವಾಗಿ ಒಳಗೆ ಹೋಗುತ್ತವೆ, ಬಂಡೆ ತಣ್ಣಗೆ ಕೊರೆಯುತ್ತದೆ. ಹೆಪ್ಪುಗಟ್ಟಿದ ಕಲ್ಲು ಬಿಗಿಯಾಗಿ ಕಚ್ಚಿಕೊಂಡಿರುವುದರಿಂದ ಚಾವಣಿ ನಿಲ್ಲುವುದಕ್ಕೆ ಒಂದಿಷ್ಟು ಅನುಕೂಲ. ನೀರು ತೊಟ್ಟಿಕ್ಕುವ ಕಾಟವೂ ಕಡಿಮೆ.

ಕಷ್ಟ ಇದ್ದದ್ದು ಪದರದ ಎತ್ತರದಲ್ಲಿ. ಲಾಂಗ್‌ಯೀರ್‌ಬ್ಯೂನಿನ ಹಲವು ಗಣಿಗಳಲ್ಲಿ ಕಲ್ಲಿದ್ದಲಿನ ಪದರ ಒಂದು ಮೀಟರ್‌ಗೂ ಕಡಿಮೆ ದಪ್ಪ. ಮೇಲಿನ ಕೆಳಗಿನ ಕಲ್ಲು ಕಡಿಯುವುದು ದಂಡ ಎಂದು ಪದರದಷ್ಟೇ ಎತ್ತರ ಬಿಡಿಸಿಕೊಂಡು ಮನುಷ್ಯನನ್ನು ಒಳಗೆ ಬಿಡುತ್ತಿದ್ದರು. ಪಾಳಿಯುದ್ದಕ್ಕೂ ಮಂಡಿಯೂರಿ, ಇಲ್ಲವೆ ಮಗ್ಗುಲಾಗಿ ಮಲಗಿ ಕೆಲಸ. ಸಿಡಿಮದ್ದಿಟ್ಟು ಉರುಳಿಸಿದ ಕಲ್ಲಿದ್ದಲನ್ನು ಮಲಗಿದಲ್ಲೇ ಸಲಿಕೆಯಿಂದ ಎಳೆಯುವುದು, ಚಾವಣಿಗೆ ಮರದ ಆಸರೆ ಕೊಡುವುದು, ಮತ್ತೆ ಮುಂದಕ್ಕೆ ತೆವಳುವುದು. ಗಣಿ ನಂಬರ್ 3ರಲ್ಲಿ ಇಂಥ ತೆವಳುವ ಕೆಲಸ 1996ರವರೆಗೂ ನಡೆಯಿತು. ಈಗ ಅಲ್ಲಿಗೆ ಪ್ರವಾಸಿಗರನ್ನು ಕರೆದೊಯ್ದು, ಇಷ್ಟವಿದ್ದವರಿಗೆ ಆ ಸಂದಿಯಲ್ಲಿ ತೆವಳಲು ಬಿಡುತ್ತಾರೆ. ಐದು ನಿಮಿಷಕ್ಕೆ ಸಾಕೆನಿಸುವ ಜಾಗದಲ್ಲಿ ಮನುಷ್ಯರು ತಮ್ಮ ಪ್ರಾಯವನ್ನೇ ಕಳೆದಿದ್ದಾರೆ. ಬೆಟ್ಟದ ಹೊಟ್ಟೆಯಿಂದ ಬಂದ ಕಲ್ಲಿದ್ದಲು ತಂತಿಯ ಮೇಲೆ ತೂಗುವ ತೊಟ್ಟಿಗಳಲ್ಲಿ ಬಂದರಿಗೆ ಇಳಿಯುತ್ತಿತ್ತು. ಆ ರೋಪ್‌ವೇಯ ಮರದ ಗೋಪುರಗಳು ಇಂದಿಗೂ ನಿಂತಿವೆ. ಚಳಿಗೆ ಮರ ಕೊಳೆತಿಲ್ಲ. 1946ಕ್ಕೆ ಹಿಂದಿನ ಎಲ್ಲವನ್ನೂ, ತುಕ್ಕು ಹಿಡಿದ ಮೊಳೆಯನ್ನೂ ಕೂಡ, ಅಲ್ಲಿನ ಕಾನೂನು ಸ್ಮಾರಕವೆಂದು ಕಾಪಾಡುತ್ತದೆ.

ಊರೆಂದರೆ ಕಂಪನಿ, ಕಂಪನಿಯೆಂದರೆ ಊರು. ಬ್ಯಾರಕ್ ಕಂಪನಿಯದು, ಅಂಗಡಿ ಕಂಪನಿಯದು, ಆಸ್ಪತ್ರೆ ಕಂಪನಿಯದು. ನೋಟು ಕೂಡ ಕಂಪನಿಯದೇ: ಸ್ಟೋರೆ ನೋರ್ಸ್ಕೆ 1980ರವರೆಗೆ ತನ್ನದೇ ಹಣ ಅಚ್ಚು ಹಾಕಿಸುತ್ತಿತ್ತು. ಕಚೇರಿಯವರಿಗೆ ಒಂದು ಭೋಜನಶಾಲೆ, ಗಣಿಗೆ ಇಳಿಯುವವರಿಗೆ ಇನ್ನೊಂದು. ಅಧಿಕಾರಿಗಳ ಮನೆ ಊರಿನ ಒಂದು ಕಡೆ, ಕೆಲಸಗಾರರ ಬ್ಯಾರಕ್ ಕಣಿವೆಯ ತುದಿಯಲ್ಲಿ. ಧ್ರುವಕ್ಕೆ ಅಷ್ಟು ಹತ್ತಿರ ಹೋದರೂ ಮನುಷ್ಯ ಮೇಲು ಕೀಳಿನ ಗೆರೆಯನ್ನು ಗಂಟು ಕಟ್ಟಿಕೊಂಡೇ ಹೋದ.

ಮದ್ಯದ ವಿಷಯದಲ್ಲಿ ಕಟ್ಟುನಿಟ್ಟು ಇತ್ತು. ಕುಡಿದ ಅಮಲಿನಲ್ಲಿ ಸುರಂಗಕ್ಕೆ ಹೋಗುವವನು ತನ್ನೊಬ್ಬನ ಪ್ರಾಣವನ್ನಲ್ಲ, ಪಾಳಿಯವರೆಲ್ಲರ ಪ್ರಾಣವನ್ನು ಒತ್ತೆ ಇಡುತ್ತಾನೆ. ಅದಕ್ಕೆ ಪಡಿತರ ಚೀಟಿ: ತಿಂಗಳಿಗೆ ಇಷ್ಟು ಬಿಯರ್, ಇಷ್ಟು ಕಟುಮದ್ಯ. ವೈನ್ ಕುಡಿಯುತ್ತಿದ್ದ ಅಧಿಕಾರಿಗಳಿಗೆ ಮಾತ್ರ ಆ ಚೀಟಿಯ ಬಿಸಿ ಅಷ್ಟಾಗಿ ತಟ್ಟಲಿಲ್ಲ, ಏಕೆಂದರೆ ವೈನಿಗೆ ಮಿತಿಯಿರಲಿಲ್ಲ. ಚಪ್ಪಲಿ ಹೊರಗೆ ಬಿಡುವ ಪದ್ಧತಿ ನಮಗೆ ಹೊಸದೇನಲ್ಲ, ಅಲ್ಲಿಯೂ ಅದಿದೆ. ಬೂಟಿಗಂಟಿದ ಕಲ್ಲಿದ್ದಲ ಮಸಿ ಮನೆಯೊಳಗೆ ಬರಬಾರದೆಂದು ಶುರುವಾದದ್ದು, ಇವತ್ತಿಗೂ ಅಲ್ಲಿನ ಹೋಟೆಲು, ವಸ್ತುಸಂಗ್ರಹಾಲಯಗಳ ಬಾಗಿಲಲ್ಲಿ ಬೂಟು ಕಳಚಬೇಕು. ಇನ್ನೊಂದು ಪದ್ಧತಿ ನನಗೆ ಬಹಳ ಹಿಡಿಸಿದ್ದು. ಹೊರಬಾಗಿಲಿಗೆ ಬೀಗ ಹಾಕದಿರುವುದು. ಕರಡಿ ಎದುರಾದರೆ ಯಾರು ಬೇಕಾದರೂ ಯಾವ ಮನೆಗೆ ಬೇಕಾದರೂ ನುಗ್ಗಬಹುದು.

ಆ ಊರಲ್ಲಿ ಸಾಯುವುದನ್ನೇ ಕಾನೂನು ನಿಷೇಧಿಸಿದೆ ಎಂಬ ಸುದ್ದಿಯನ್ನು ನೀವು ಎಲ್ಲೋ ಓದಿರಬಹುದು. ಅದು ನಿಜವಲ್ಲ. ಹೆಪ್ಪುಗಟ್ಟಿದ ನೆಲ ಹೂತದ್ದನ್ನು ಕರಗಿಸಿಕೊಳ್ಳುವುದಿಲ್ಲ, ಕಾಲಕ್ರಮೇಣ ಮೇಲಕ್ಕೆ ತಳ್ಳುತ್ತದೆ; ಅದಕ್ಕಾಗಿ ಶವಪೆಟ್ಟಿಗೆ ಹೂಳುವುದನ್ನು 1950ರ ಹೊತ್ತಿಗೆ ನಿಲ್ಲಿಸಿದರು. 1918ರಲ್ಲಿ ಚಳಿಗಾಲದ ಕೆಲಸಕ್ಕೆಂದು ಹಡಗಿನಲ್ಲಿ ಬಂದು, ಇಳಿದ ಸ್ವಲ್ಪ ದಿನಕ್ಕೇ ಸ್ಪ್ಯಾನಿಷ್ ಜ್ವರಕ್ಕೆ ಬಲಿಯಾದ ಏಳು ಯುವಕರ ಸಮಾಧಿ ಅಲ್ಲೇ ಇದೆ. ಗಣಿಯ ಬಾಗಿಲು ಸರಿಯಾಗಿ ನೋಡುವ ಮೊದಲೇ ಅವರ ಕಥೆ ಮುಗಿದಿತ್ತು.

ರಷ್ಯನ್ನರ ಶಿಬಿರಗಳ ಬಗ್ಗೆ ಒಂದೆರಡು ಮಾತು. ಸೋವಿಯತ್ ಒಕ್ಕೂಟದ ಆರ್ಕ್ಟಿಕುಗೋಲ್ ಸಂಸ್ಥೆ ಬಾರೆಂಟ್ಸ್‌ಬುರ್ಗ್ ಮತ್ತು ಪಿರಮಿಡೆನ್ ಎಂಬ ಊರುಗಳನ್ನು ನಡೆಸಿತು. ಕೆಲಸಗಾರರಲ್ಲಿ ಬಹಳಷ್ಟು ಮಂದಿ ಉಕ್ರೇನಿನ ದೊನ್ಬಾಸ್ ಗಣಿಪ್ರದೇಶದವರು. ಅಲ್ಲಿ ಕುಟುಂಬ ಸಮೇತ ಇರಲು ಅವಕಾಶವಿತ್ತು. ಶಾಲೆ, ಈಜುಕೊಳ, ಗ್ರಂಥಾಲಯ, ನಾಟಕದ ಸಭಾಂಗಣ, ತರಕಾರಿ ಬೆಳೆಯಲು ಗಾಜಿನ ಮನೆ, ಹಾಲಿಗೆ ಹಸು, ಮಾಂಸಕ್ಕೆ ಹಂದಿ. ದಕ್ಷಿಣದಿಂದ ಹಡಗಿನಲ್ಲಿ ಮಣ್ಣು ತಂದು ಪಿರಮಿಡೆನ್‌ನ ಚೌಕದಲ್ಲಿ ಹುಲ್ಲು ಬೆಳೆಸಿದರು. ಗಣಿ ಶಿಬಿರವನ್ನು ಮನುಷ್ಯರು ಬಾಳುವ ಊರಾಗಿ ಮಾಡಬೇಕೆಂಬ ಹಂಬಲ ಅಲ್ಲಿತ್ತು ಎಂದು ಒಪ್ಪಲೇಬೇಕು. ಆಮೇಲೆ ಒಕ್ಕೂಟ ಒಡೆಯಿತು, ಹಣ ನಿಂತಿತು. 1996ರ ಆಗಸ್ಟ್ 29ರಂದು ಮಾಸ್ಕೋದಿಂದ ಗಣಿ ಕೆಲಸಗಾರರನ್ನೂ ಅವರ ಮನೆಯವರನ್ನೂ ಹೊತ್ತು ಬರುತ್ತಿದ್ದ ವಿಮಾನ ಲಾಂಗ್‌ಯೀರ್‌ಬ್ಯೂನ್ ಬಳಿಯ ಓಪೆರಾ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 141 ಮಂದಿಯೂ ಸತ್ತರು. ಮರುವರ್ಷ ಸೆಪ್ಟೆಂಬರ್ 18ರಂದು ಬಾರೆಂಟ್ಸ್‌ಬುರ್ಗ್ ಗಣಿಯಲ್ಲಿ ಸ್ಫೋಟವಾಗಿ 23 ಮಂದಿ ಸತ್ತರು. 1998ರಲ್ಲಿ ಪಿರಮಿಡೆನ್ ಖಾಲಿಯಾಯಿತು.

ಈಗ ಮೊದಲು ಹೇಳಿದ ಮಾತಿಗೆ ಬರುತ್ತೇನೆ. 1971ರಿಂದ ಈಚೆಗೆ, ಅರ್ಧ ಶತಮಾನಕ್ಕೂ ಮಿಕ್ಕಿದ ಅವಧಿಯಲ್ಲಿ, ಸ್ವಾಲ್ಬಾರ್ಡಿನಲ್ಲಿ ಹಿಮಕರಡಿಯಿಂದ ಸತ್ತವರು ಆರು ಮಂದಿ. ಗಣಿಯ ಲೆಕ್ಕ ನೋಡಿ. 1920ರ ಜನವರಿ 3ರಂದು ಲಾಂಗ್‌ಯೀರ್‌ಬ್ಯೂನಿನ ಮೊದಲ ಗಣಿಯಲ್ಲಿ ಕಲ್ಲಿದ್ದಲ ಧೂಳು ಸಿಡಿದು 26 ಮಂದಿ ಒಂದೇ ದಿನ ಸತ್ತರು. ಇನ್ನೂ ಉತ್ತರಕ್ಕಿರುವ ನ್ಯೂ ಓಲೆಸುಂಡ್ ಎಂಬ ಪುಟ್ಟ ಶಿಬಿರದಲ್ಲಿ 1948ರಲ್ಲಿ 15, 1952ರಲ್ಲಿ 9, 1953ರಲ್ಲಿ 19 ಮಂದಿ.

ಇಂಥ ಸ್ಫೋಟ ಏಕೆ ಆಗುತ್ತದೆಂದು ತಿಳಿದುಕೊಳ್ಳುವುದು ಕಷ್ಟವಲ್ಲ. ಕಲ್ಲಿದ್ದಲಿನೊಳಗೆ ಮೀಥೇನ್ ಅನಿಲ ಸೇರಿಕೊಂಡಿರುತ್ತದೆ. ಪದರ ಕಡಿದ ಹಾಗೆ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ನೂರಕ್ಕೆ ಐದರಿಂದ ಹದಿನೈದರ ನಡುವೆ ಬಂತೆಂದರೆ ಒಂದು ಕಿಡಿ ಸಾಕು. ಮೊದಲ ಸ್ಫೋಟ ಸಣ್ಣದೇ ಇರಬಹುದು. ಅದರ ಹೊಡೆತಕ್ಕೆ ನೆಲದ ಮೇಲೆ ಗೋಡೆಯ ಮೇಲೆ ಕುಳಿತಿದ್ದ ಕಲ್ಲಿದ್ದಲ ಧೂಳು ಮೇಲೇಳುತ್ತದೆ, ಆ ಧೂಳೇ ಸಿಡಿಯುತ್ತಾ ಸುರಂಗದುದ್ದಕ್ಕೂ ಬೆಂಕಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ಬಿಸಿನಾಡಿನ ಗಣಿಗಳಲ್ಲಿ ಧೂಳಿಗೆ ನೀರು ಚಿಮುಕಿಸಬಹುದು. ಹೆಪ್ಪುಗಟ್ಟಿದ ಬೆಟ್ಟದಲ್ಲಿ ನೀರು ಚಿಮುಕಿಸಿದರೆ ಮಂಜುಗಡ್ಡೆಯಾಗುತ್ತದೆ. ಹೊರಗಿನಿಂದ ಎಳೆದುಕೊಳ್ಳುವ ಚಳಿಗಾಳಿಯೋ ಒಣಒಣ. ಹಾಗಾಗಿ ಉಳಿಯುವ ದಾರಿ ಮೂರು. ಸಾಕಷ್ಟು ಗಾಳಿ ಹಾಯಿಸಿ ಅನಿಲವನ್ನು ತೆಳುಮಾಡಬೇಕು, ಪ್ರತಿ ಪಾಳಿಗೂ ಅಳೆಯಬೇಕು, ಸುಣ್ಣಕಲ್ಲಿನ ಪುಡಿಯನ್ನು ಧಾರಾಳವಾಗಿ ಎರಚಿ ಧೂಳನ್ನು ಸಿಡಿಯದಂತೆ ಮಾಡಬೇಕು. ಮೂರಕ್ಕೂ ಹಣ ಬೇಕು, ಹೊತ್ತು ಬೇಕು, ಮತ್ತು ಉತ್ಪಾದನೆ ನಿಲ್ಲಿಸುವ ಧೈರ್ಯ ಬೇಕು.

1962ರ ನವೆಂಬರ್ 5. ನ್ಯೂ ಓಲೆಸುಂಡ್‌ನ ಎಸ್ತರ್ ಗಣಿಯಲ್ಲಿ ಸ್ಫೋಟ. ಇಪ್ಪತ್ತೊಂದು ಮಂದಿ ಸತ್ತರು. ಹತ್ತು ದೇಹಗಳನ್ನು ಹೊರತಂದರು, ಹನ್ನೊಂದನ್ನು ತರಲಾಗಲಿಲ್ಲ, ಗಣಿಯನ್ನೇ ಮುಚ್ಚಬೇಕಾಯಿತು. ಆ ಹನ್ನೊಂದು ಮಂದಿ ಇಂದಿಗೂ ಆ ಗಣಿಯೊಳಗೇ ಇದ್ದಾರೆ. ಗಣಿ ಯಾವನೋ ಲೋಭಿ ಸಾಹುಕಾರನದಾಗಿರಲಿಲ್ಲ, ನಾರ್ವೆ ಸರ್ಕಾರದ್ದೇ ಆಗಿತ್ತು. ಆಳುತ್ತಿದ್ದದ್ದು ಕಾರ್ಮಿಕರ ಹೆಸರಿನ ಲೇಬರ್ ಪಕ್ಷ. ತನಿಖಾ ಆಯೋಗದ ವರದಿ ಬಂದಾಗ ಸುರಕ್ಷತೆಯ ನಿಯಮಗಳನ್ನು ಪಾಲಿಸಿರಲಿಲ್ಲ ಎಂಬುದು ಬಯಲಾಯಿತು. ಹಿಂದೆ ಮೂರು ಸಲ ಅದೇ ಶಿಬಿರದಲ್ಲಿ ಹೆಣಗಳ ಸಾಲು ಕಂಡಿದ್ದ ಮೇಲೂ! 1963ರ ಆಗಸ್ಟ್‌ನಲ್ಲಿ ನಾರ್ವೆಯ ಸಂಸತ್ತು ಪ್ರಧಾನಿ ಐನಾರ್ ಗೇರ್‌ಹಾರ್ಡ್‌ಸನ್ ಅವರ ಸರ್ಕಾರವನ್ನು ಅವಿಶ್ವಾಸ ಮತದಿಂದ ಕೆಳಗಿಳಿಸಿತು. ವಿರುದ್ಧ 76 ಮತ, ಪರವಾಗಿ 74. ಬದಲಿಗೆ ಬಂದ ಯೋನ್ ಲಿಂಗ್ ಅವರ ಸರ್ಕಾರ ಸುಮಾರು ನಾಲ್ಕು ವಾರ ಮಾತ್ರ ಬಾಳಿತು, ಗೇರ್‌ಹಾರ್ಡ್‌ಸನ್ ಮತ್ತೆ ಬಂದರು. ಆದರೂ ಆ ಮತದ ಬೆಲೆ ಕಡಿಮೆಯಲ್ಲ. ಧ್ರುವದಂಚಿನ ಒಂದು ಶಿಬಿರದಲ್ಲಿ ಇಪ್ಪತ್ತೊಂದು ಕೆಲಸಗಾರರು ಸತ್ತದ್ದಕ್ಕೆ ರಾಜಧಾನಿಯಲ್ಲಿ ಒಂದು ಸರ್ಕಾರ ಉತ್ತರ ಹೇಳಬೇಕಾಯಿತು, ಹೇಳಲಾಗದೆ ಬಿದ್ದಿತು. ನನ್ನ ಮಟ್ಟಿಗೆ ಧ್ರುವಪ್ರದೇಶದ ಗಣಿಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ.

ನ್ಯೂ ಓಲೆಸುಂಡ್‌ನಲ್ಲಿ ಆಮೇಲೆ ಯಾರೂ ಕಲ್ಲಿದ್ದಲು ತೆಗೆಯಲಿಲ್ಲ. ಖಾಲಿಯಾದ ಬ್ಯಾರಕ್‌ಗಳಿಗೆ ಒಬ್ಬೊಬ್ಬರಾಗಿ ವಿಜ್ಞಾನಿಗಳು ಬಂದರು. ಇವತ್ತು ಅದು ಹತ್ತಾರು ದೇಶಗಳ ಸಂಶೋಧಕರ ಊರು. ಭಾರತವೂ ಅಲ್ಲಿದೆ: 2008ರ ಜುಲೈ 1ರಂದು ನಮ್ಮ 'ಹಿಮಾದ್ರಿ' ಕೇಂದ್ರ ಆರಂಭವಾಯಿತು. ಗೋವಾದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತದೆ. ಎಲ್ಲ ದೇಶದವರಿಗೂ ಒಂದೇ ಊಟದ ಮನೆ. ಗಣಿಯ ಕಾಲದ ಹಾಗೆ ಈಗಲೂ ಕಟ್ಟುನಿಟ್ಟಿನ ಶಿಸ್ತಿದೆ. ಅಲ್ಲಿ ಮೊಬೈಲ್, ವೈಫೈ ಬಳಸುವಂತಿಲ್ಲ, ಏಕೆಂದರೆ ಆಕಾಶದ ಅತಿ ಕ್ಷೀಣ ರೇಡಿಯೊ ಅಲೆಗಳನ್ನು ಹಿಡಿಯುವ ಉಪಕರಣಗಳಿಗೆ ಅದರಿಂದ ತೊಂದರೆ. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಯೂ ಅದರಲ್ಲಿದ್ದರು. ವಿಶ್ವದ ಬಾಲ್ಯಕಾಲದ ಜಲಜನಕದಿಂದ ಬರುವ ಅಲೆಗಳನ್ನು ಆಲಿಸಲು ಆ ಜಾಗ ಎಷ್ಟು ನಿಶ್ಶಬ್ದವಾಗಿದೆ ಎಂದು ಅಳೆಯುವುದು ಅವರ ಕೆಲಸವಾಗಿತ್ತು.

ನಮಗೂ ಆ ದ್ವೀಪಗಳಿಗೂ ಇರುವ ಇನ್ನೊಂದು ನಂಟು ಹೊಟ್ಟೆಯದು. 1984ರಲ್ಲಿ ಉತ್ತರ ಯೂರೋಪಿನ ದೇಶಗಳು ತಮ್ಮ ಬೆಳೆಗಳ ಬೀಜವನ್ನು ಲಾಂಗ್‌ಯೀರ್‌ಬ್ಯೂನಿನ ಗಣಿ ನಂಬರ್ 3ರೊಳಗೆ ಇಟ್ಟವು. ವಿದ್ಯುತ್ ಹೋದರೂ ಬೆಟ್ಟದ ಚಳಿ ಬೀಜವನ್ನು ಕಾಯುತ್ತದೆಂಬ ಲೆಕ್ಕಾಚಾರ. ಅದೇ ಯೋಚನೆ ಬೆಳೆದು 2008ರ ಫೆಬ್ರವರಿಯಲ್ಲಿ ಹತ್ತಿರದಲ್ಲೇ ಜಗತ್ತಿನ ಬೀಜ ಭಂಡಾರ ತೆರೆಯಿತು. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ಕಳಿಸಿದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ, ರಾಗಿಯ ಸಾವಿರಾರು ತಳಿಗಳು ಆ ಹೆಪ್ಪುಗಟ್ಟಿದ ಬೆಟ್ಟದೊಳಗೆ ಇವೆ. ಗಣಿಯವರು ಆ ಬೆಟ್ಟದ ಗುಣವನ್ನು ತಿಳಿದು ಹೇಳದಿದ್ದರೆ ಅಲ್ಲಿ ಬೀಜ ಇಡುವ ಯೋಚನೆ ಯಾರಿಗೂ ಬರುತ್ತಿರಲಿಲ್ಲ.

ಕಲ್ಲಿದ್ದಲ ಕಾಲ ಈಗ ಮುಗಿಯುತ್ತಿದೆ. ಸ್ವೆಯಾ ಎಂಬಲ್ಲಿ ಕೆಲಸಗಾರರು ಪುಟ್ಟ ವಿಮಾನದಲ್ಲಿ ಬಂದು, ಪಾಳಿಯ ದಿನಗಳನ್ನು ಬ್ಯಾರಕ್‌ನಲ್ಲಿ ಕಳೆದು ಹಿಂತಿರುಗುತ್ತಿದ್ದ ದೊಡ್ಡ ಗಣಿಯಿತ್ತು. ಅದನ್ನು ಮುಚ್ಚಿದ ಮೇಲೆ ಕಟ್ಟಡ, ರಸ್ತೆ, ಓಡುದಾರಿಗಳನ್ನು ಕಿತ್ತು, ನೆಲವನ್ನು ಮೊದಲಿನ ಆಕಾರಕ್ಕೆ ತಂದು, 2023ರಲ್ಲಿ ಆ ಕೆಲಸ ಮುಗಿಸಿದರು. ಅದೇ ವರ್ಷ ಲಾಂಗ್‌ಯೀರ್‌ಬ್ಯೂನಿನ ವಿದ್ಯುತ್ ಸ್ಥಾವರ ಕಲ್ಲಿದ್ದಲು ಬಿಟ್ಟು ಡೀಸೆಲ್‌ಗೆ ತಿರುಗಿತು. 2025ರ ಜೂನ್‌ನಲ್ಲಿ ನಾರ್ವೆಯ ಕೊನೆಯ ಕಲ್ಲಿದ್ದಲು ಗಣಿ, ನಂಬರ್ 7, ನಿಂತಿತು. ನಮ್ಮಲ್ಲಿ ಕೋಲಾರದ ಗಣಿ 2001ರ ಫೆಬ್ರವರಿ 28ರಂದು ನಿಂತಿತು. ಅಲ್ಲಿನ ಸಯನೈಡ್ ದಿಬ್ಬಗಳು ಇಂದಿಗೂ ಊರಿನ ನಡುವೆಯೇ ಇವೆ, ಗಾಳಿ ಬಂದಾಗ ಧೂಳು ಮನೆಗಳ ಮೇಲೆ ಬೀಳುತ್ತದೆ. ಮುಚ್ಚುವುದೂ ಗಣಿ ಕೆಲಸದ ಒಂದು ಭಾಗವೇ ಎಂದು ಸ್ವೆಯಾದವರು ತಿಳಿದರು, ಅದಕ್ಕೆ ಹಣ ಎತ್ತಿಟ್ಟರು. ನಾವು ಅದನ್ನು ಇನ್ನೂ ಮಾಡಬೇಕಾಗಿದೆ.

ಕೇಳುಗರೇ, ಇಂದು ನಮ್ಮ ನಾಡಿನ ಯುವಕರು ಯುವತಿಯರು ದೂರದೂರದ ಗಣಿಗಳಿಗೆ, ತೈಲಬಾವಿಗಳಿಗೆ, ಮರುಭೂಮಿಯ ಶಿಬಿರಗಳಿಗೆ ಕೆಲಸಕ್ಕೆ ಹೋಗುತ್ತಿದ್ದಾರೆ. ನಿಮ್ಮ ಮನೆಯಿಂದಲೂ ಒಬ್ಬರು ಹೊರಟಿರಬಹುದು. ಸಂಬಳ ಎಷ್ಟು, ಊಟ ಹೇಗೆ, ಚಳಿಯೋ ಸೆಕೆಯೋ ಎಂದು ಖಂಡಿತ ಕೇಳಿ. ಅದರ ಜೊತೆಗೆ ಇನ್ನೂ ಮೂರು ಮಾತು ಕೇಳಿ. ಅಲ್ಲಿ ಅಪಾಯವನ್ನು ಪ್ರತಿ ಪಾಳಿಗೂ ಅಳೆಯುವವರು ಯಾರು? ಅಳತೆ ಮೀರಿದಾಗ ಯಾರ ಅಪ್ಪಣೆಗೂ ಕಾಯದೆ ಕೆಲಸ ನಿಲ್ಲಿಸುವ ಅಧಿಕಾರ ಅವರಿಗೆ ಇದೆಯೇ? ಹಿಂದೆ ಅಲ್ಲಿ ಯಾರಾದರೂ ಸತ್ತಿದ್ದರೆ, ಆಮೇಲೆ ಬದಲಾದದ್ದೇನು? ಈ ಮೂರಕ್ಕೆ ನೇರವಾದ ಉತ್ತರ ಸಿಗದಿದ್ದರೆ, ಎಷ್ಟೇ ಸಂಬಳ ಕೊಡಲಿ, ದಯವಿಟ್ಟು ಹೋಗಬೇಡಿ.